ಏಳು ಅನ್ನದ ಮನೆ

"ಈ ಲೆಕ್ಕ ನೀವ ಬರದದ್ದು ಖರೇನ ಇದ್ರ, ಒಂದೀಟು ಬಾಯಿಲೇ ಎಣಿಸಿ ತೋರಸ್ರಿ ನೋಡೂಣು."

ಮಂಗಲ ಹೀಗೆಂದು ಕಾಗದವನ್ನು ಅಮೋಲನ ಮೇಜಿನ ಮೇಲೆ ಸರಿಸಿದಳು. ಇಚಲಕರಂಜಿಯ ಶಹಾಪುರದಲ್ಲಿ, ಪವರ್‌ಲೂಮ್ ಶೆಡ್ಡೊಂದರ ಮಾಳಿಗೆಯ ಮೇಲೆ ಅಮೋಲನ ಕಂಪ್ಯೂಟರ್ ಕ್ಲಾಸು. ಕೆಳಗೆ ಮಗ್ಗಗಳು ಖಟಾಖಟ ಬಡಿದುಕೊಳ್ಳುತ್ತಿದ್ದವು. ಮೇಲೆ ಮೇಜು, ಕುರ್ಚಿ, ನೀರಿನ ಲೋಟ ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಅಮೋಲನೂ ನಡುಗುತ್ತಿದ್ದನೋ ಏನೋ, ಆ ಗದ್ದಲದಲ್ಲಿ ಹೇಳುವುದು ಕಷ್ಟ.

"ಬಾಯಿಲೇ ಯಾಕ್ರಿ ಅಕ್ಕಾರ? ಇದು ಪ್ರೋಗ್ರಾಮ್ ಬರಿಯೂ ಲೆಕ್ಕ. ಹೊಸಬರಿಗಂತ ಇಟ್ಟ ಸ್ಪರ್ಧೆ," ಎಂದ ಅವನು.

"ನನಗ ಕಂಪ್ಯೂಟರ್ ಬರೂದಿಲ್ರಿ. ಬಾಯಿ ಅಷ್ಟ ಬರತೈತಿ."

ಅದು ಸುಳ್ಳಲ್ಲ. ಕೊಲ್ಲಾಪುರದಲ್ಲಿ ಮಂಗಲಳ ಪತ್ತೇದಾರಿ ಆಫೀಸಿನ ಬಾಗಿಲು ತಟ್ಟುವವರಲ್ಲಿ ಮುಕ್ಕಾಲು ಪಾಲು ಹೆಣ್ಣು ಹೆತ್ತವರು. ಹುಡುಗ ಕುಡಿಯುತ್ತಾನೋ, ಹೇಳಿದ ಕಡೆ ನೌಕರಿ ಇದೆಯೋ, ಇಷ್ಟು ತಿಳಿದರೆ ಅವರ ಜೀವ ತಣ್ಣಗಾಗುತ್ತದೆ. ಇದಕ್ಕೆಲ್ಲ ಬಾಯಿ ಇದ್ದರೆ ಸಾಕು. ಗಡಹಿಂಗ್ಲಜದಲ್ಲಿ ಗಂಡ ಜೋಳದ ಅಂಗಡಿ ನಡೆಸುತ್ತಿದ್ದ ಬಾಳವ್ವ ಮಾತ್ರ ಬೇರೆಯದೇ ಕೇಳಿಕೊಂಡು ಬಂದಿದ್ದಳು. ಮನೆಯಿಂದ ಎದ್ದು ಹೋದ ಮಗಳು ರುತುಜಾ ಬದುಕಿದ್ದಾಳೆ ಎಂಬುದಕ್ಕೆ ಒಂದು ಗುರುತು ಬೇಕು, ಅದೂ ಸೋಮವಾರದೊಳಗೆ.

ಸೋಮವಾರ ಕೋರ್ಟಿನಲ್ಲಿ ವಿಚಾರಣೆ. ರುತುಜಾಳ ಅಣ್ಣ ನಿಲೇಶ, ತಂಗಿ ಸತ್ತಿದ್ದಾಳೆಂದು ಬರೆಸಿಕೊಳ್ಳಲು ಅರ್ಜಿ ಹಾಕಿದ್ದ. ಏಳು ವರ್ಷ ಸುದ್ದಿ ಸುಳಿವಿಲ್ಲದವರನ್ನು ಸತ್ತವರೆಂದು ತಿಳಿಯಲು ಕಾಯ್ದೆ ಒಪ್ಪುತ್ತದೆ. ಬಾಳವ್ವ ಒಪ್ಪಿರಲಿಲ್ಲ. ಮಗನಿಗೆ ತಿಳಿಸದೆ ಬಸ್ಸು ಹತ್ತಿ ಬಂದು, ಮಂಗಲಳ ಎದುರು ಕುರ್ಚಿಯ ಅಂಚಿನಲ್ಲಿ ಕುಳಿತು, "ಆಕಿ ಬರದಿದ್ರೂ ಚಿಂತಿಲ್ರಿ. ಎಲ್ಲೋ ಉಸರಾಡಾಕತ್ತಾಳ ಅಂತ ಗೊತ್ತಾದ್ರ ಸಾಕು," ಎಂದಿದ್ದಳು.

ಹುಡುಗಿಗೆ ಅಂಕಿಗಳೆಂದರೆ ಪ್ರಾಣ, ಕಂಪ್ಯೂಟರ್ ಕಲಿತವಳು. ಮಂಗಲಳಿಗೆ ಸಿಕ್ಕ ಎಳೆ ಅಷ್ಟೇ. ಅದನ್ನು ಹಿಡಿದು ಅವಳು ಕೊಲ್ಲಾಪುರದ ಸುತ್ತಲಿನ ಕ್ಲಾಸುಗಳನ್ನೆಲ್ಲ ಜಾಲಾಡಿದ್ದಳು. ಕಡೆಗೆ ನಿನ್ನೆ ಅಮೋಲನ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಈ ಕಾಗದ ಕಂಡಿತ್ತು.

ಕಾಗದದ ತಲೆಯ ಮೇಲೆ 'ಅಳತೆ' ಎಂದಿತ್ತು. ಒಬ್ಬ ವ್ಯಾಪಾರಿ ಸೇರಿನಿಂದ ಜೋಳ ಅಳೆಯುತ್ತಾನೆ. ಅಳೆಯುತ್ತ ಎಣಿಸುತ್ತಾನೆ. ಎಷ್ಟು ಸೇರು ಎಂದು ಹೇಳಿದರೆ, ಅವನು ಎಣಿಸುವ ಸಾಲನ್ನು ನಿಮ್ಮ ಪ್ರೋಗ್ರಾಮ್ ಬರೆಯಬೇಕು. ಹತ್ತು ಸೇರಿಗೆ ಉತ್ತರ ಹೀಗೆ:

L 2 3 4 5 6 B 8 9 10

"ಅಲ್ಲಿ ಗ್ವಾಡಿಗಿ ಒಟ್ಟಿದ ಕೀಬೋರ್ಡ್ ಅದಾವಲ್ರಿ, ಅವನ್ನ ಎಣಸ್ರಿ," ಎಂದಳು ಮಂಗಲ.

ಅಮೋಲ ಬೇಸರದಿಂದ ಬೆರಳು ಚಾಚಿದ. "ಒಂದು, ಎರಡು, ಮೂರು, ನಾಕು, ಐದು, ಆರು, ಏಳು, ಎಂಟು…"

"ಸಾಕು. ಮೊದಲನೇದಕ್ಕ ಏನಂದ್ರಿ?"

"ಒಂದು."

"ಕಾಗದದಾಗ ಏನೈತಿ?"

"ಎಲ್."

"ಎಲ್ ಅಂದ್ರ ಏನ್ರಿ?"

"ಲಕ್ಕಿ," ಎಂದ. ಹೇಳಿದ ಮೇಲೆ ಅವನಿಗೇ ಅದು ರುಚಿಸಲಿಲ್ಲ. ನೀರಿನ ಲೋಟಕ್ಕೆ ಕೈ ಹಾಕಿದ.

ಮಂಗಲ ಅಕಿವಾಟದ ಕುರಿ ಸಾಕುವ ಮನೆಯ ಮಗಳು. ಅಜ್ಜಿ ಗಂಗುಬಾಯಿಯ ಸೆರಗು ಹಿಡಿದು ಜೋಳದ ಅಂಗಡಿಗೆ ಹೋಗುತ್ತಿದ್ದಾಗ ಕೇಳಿದ ದನಿ ಇನ್ನೂ ಅವಳ ಕಿವಿಯಲ್ಲಿದೆ. ರಾಶಿಯ ಮುಂದೆ ಕುಳಿತ ವ್ಯಾಪಾರಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಆರಾದ ಮೇಲೆ ಏಳು ಎನ್ನುವುದಿಲ್ಲ. ಏಳು ಎಂದರೆ ಲೆಕ್ಕವೂ ಹೌದು, ಎದ್ದು ನಡೆ ಎಂಬ ಮಾತೂ ಹೌದು. ಮನೆಗೆ ಬಂದ ಲಕ್ಷ್ಮಿಗೆ ಯಾರಾದರೂ ಎದ್ದು ನಡೆ ಎನ್ನುತ್ತಾರೆಯೇ? ಅದಕ್ಕೇ 'ಮತ್ತೊಂದು' ಎಂದು ನಯವಾಗಿ ಜಾರಿಕೊಂಡು, ನೆಟ್ಟಗೆ ಎಂಟಕ್ಕೆ ಹೋಗುತ್ತಾನೆ.

"ಲಕ್ಕಿ ಅಲ್ರಿ, ಲಾಭ," ಎಂದಳು. "ಲೆಕ್ಕಕ್ಕ ಅಳತಿ ಅಂತ ಹೆಸರಿಟ್ಟವರಿಗೆ ಅಳಿಯೂ ರೀತಿ ಗೊತ್ತಿರಬೇಕಲ್ಲ? ಹೋಗ್ಲಿ, ಎಪ್ಪತ್ತರ ಮಾತು ಹೇಳ್ರಿ. ನಿಮ್ಮ ಹುಡುಗ್ರು ಎಲ್ಲಾ ಅಲ್ಲೇ ಮುಗ್ಗರಿಸ್ಯಾರಂತ."

ಅಮೋಲನಿಗೆ ಇದು ಗೊತ್ತಿದ್ದ ದಾರಿ. ದನಿಗೆ ಮಾಸ್ತರಿಕೆ ಬಂತು. "ಹೌದ್ರಿ. ಏಳರ ಅಂಕಿ ಎಲ್ಲೆಲ್ಲಿ ಬರತೈತೋ ಅಲ್ಲೆಲ್ಲಾ ಬಿ ಹಾಕಿದ್ರು. ತಪ್ಪು ಅದು. ಕೊನೀಗೆ ಏಳು ಇದ್ರ ಅಷ್ಟ ಬಿ. ಹದಿನೇಳು ಬಿ, ಅರವತ್ತೇಳು ಬಿ. ಎಪ್ಪತ್ತು ಹಂಗ ಉಳೀತೈತಿ, ಎಪ್ಪತ್ತೊಂದೂ ಉಳೀತೈತಿ."

"ಯಾಕ?"

"ಯಾಕಂದ್ರ… ಹಂಗ ಐತಿ. ನಿಯಮ."

"ಎಪ್ಪತ್ತು ಅಂತ ಜೋರಾಗಿ ಅನ್ರಿ. ಬಾಯಾಗ ಏಳು ಬಂತೇನು?"

ಅಮೋಲ ಒಮ್ಮೆ ಅಂದ. ಇನ್ನೊಮ್ಮೆ ತನ್ನಷ್ಟಕ್ಕೆ ಅಂದುಕೊಂಡ. ಅವನ ಮುಖದಲ್ಲಿ ಏನೋ ಕರಗಿತು.

"ಬರೂದಿಲ್ಲ. ಇದನ್ನ ಬರದಾಕಿ ಅಂಕಿ ನೋಡಿ ಬರದಿಲ್ರಿ," ಎಂದಳು ಮಂಗಲ. "ಕನ್ನಡ ಬಾಯಿಲೆ ಎಣಿಸಿ ಬರದಾಳ. ಜೋಳದ ರಾಶಿ ಮುಂದ ಕುಂತು ಎಣಿಸ್ಯಾಳ."

"ಬರದಾಕಿ ಅಂತ ನಾ ಎಲ್ಲಿ ಅಂದೆ?"

"ಅನ್ನಲಿಲ್ಲ. ನಾ ಅಂದಾಗ ಅಲ್ಲ ಅಂತನೂ ಅನ್ನಲಿಲ್ಲ."

ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ, "ನಾ ಮಾತು ಕೊಟ್ಟೀನ್ರಿ," ಎಂದ. "ಎಲ್ಲಿ ಅದಾಳ ಅಂತ ಕೇಳಿದವರಿಗೆ ಹೇಳೂ ಹಂಗಿಲ್ಲ. ಬಿ ಅಂದ್ರ ಏನು ಅಂತ ಯಾರು ಹೇಳ್ತಾರೋ ಅವರಿಗೆ ಅಷ್ಟ. ನೀವು ಎಲ್ ಹೇಳಿದ್ರಿ. ಬಿ ಹೇಳ್ರಿ."

ಇಲ್ಲಿಯೇ ಮಂಗಲಳ ಗಾಡಿ ಕೆಸರಿನಲ್ಲಿ ನಿಂತಿದ್ದು. ಮತ್ತೊಂದು ಎಂಬುದಕ್ಕೆ ಎಂ ಬರಬೇಕು, ಬಿ ಯಾಕೆ? ರಾತ್ರಿಯೆಲ್ಲ ಬಿ ಇಂದ ಶುರುವಾಗುವ ಮಾತುಗಳನ್ನು ಹೊರಳಿಸಿ ನೋಡಿದ್ದಳು. ಬರಕತ್ತು ಇರಬಹುದೇ? ಬಂಗಾರ? ಒಂದೂ ಕೂಡಿಬರಲಿಲ್ಲ. ಊಹೆ ಮಾಡಿ ಹೇಳಿ ತಪ್ಪಿದರೆ ಈ ಮನುಷ್ಯ ಮತ್ತೆ ಬಾಯಿ ತೆರೆಯುವುದಿಲ್ಲ.

ಅಷ್ಟರಲ್ಲಿ ಊಟದ ಹೊತ್ತಾಗಿ ಕೆಳಗೆ ಮಗ್ಗಗಳು ಒಂದೊಂದೇ ನಿಂತವು. ಅಷ್ಟು ಹೊತ್ತು ಗದ್ದಲದಲ್ಲಿದ್ದ ಕಿವಿಗೆ ಮೌನವೇ ದೊಡ್ಡದಾಗಿ ಕೇಳಿಸಿತು. ಮಂಗಲ ಫೋನು ತೆಗೆದು ಗಡಹಿಂಗ್ಲಜಕ್ಕೆ ಹಚ್ಚಿದಳು. ಅಮೋಲನಿಗೂ ಕೇಳಲೆಂದು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ಅವ್ವಾರ, ಮಂಗಲ ಮಾತಾಡಾಕತ್ತೇನಿ. ಒಬ್ರ ಇದ್ದೀರೇನು?"

"ಒಬ್ಬಾಕಿನ ಅದೀನವ್ವಾ. ನಿಲೇಶ ಹೊರಗ ಹೋಗ್ಯಾನ. ಏನರ ಗೊತ್ತಾತೇನು?"

"ಒಂದು ಕೇಳ್ತೀನಿ. ನಿಮ್ಮ ಅಂಗಡ್ಯಾಗ ಜೋಳ ಅಳಿಯೂ ಮುಂದ ಹೆಂಗ ಎಣಸ್ತಿದ್ರಿ?"

ಬಾಳವ್ವನ ದನಿ ಬಂತು. ಎಣಿಕೆಯಾಗಿ ಅಲ್ಲ, ಕೂಸನ್ನು ಆಡಿಸುವ ರಾಗವಾಗಿ ಬಂತು.

"ಲಾಭ, ಎರಡು, ಮೂರು, ನಾಕು, ಐದು, ಆರು, ಬಾ, ಎಂಟು…"

ಮಂಗಲಳ ಕೈ ಮೇಜಿನ ಅಂಚನ್ನು ಹಿಡಿಯಿತು. "ಆರರ ಮ್ಯಾಲೆ ಏನಂದ್ರಿ?"

"ಬಾ. ಎಲ್ಲಾರೂ ಮತ್ತೊಂದು ಅಂತಾರವ್ವಾ. ನಮ್ಮ ಅಂಗಡ್ಯಾಗ ಅಷ್ಟ ಬಾ. ರುತುಜಾ ಸಣ್ಣಾಕಿ ಇದ್ದಾಗ ಅವರಪ್ಪನ ತೊಡಿ ಮ್ಯಾಲೆ ಕುಂತು ಅಳತಿ ನೋಡ್ತಿದ್ಲು. ಆರರ ಮುಂದಿಂದು ಯಾಕ ಅನ್ನೂದಿಲ್ಲಪ್ಪಾ ಅಂತ ಒಂದಿನ ಕೇಳಿದ್ಲು. ಹಂಗ ಅನ್ನಬಾರದವ್ವಾ, ಲಕ್ಷ್ಮಿ ಎದ್ದ ಹೋಗ್ತಾಳ ಅಂತ ಅವರು ಹೇಳಿದ್ರು. 'ಹಂಗಾರ ಬಾ ಅನ್ನೂಣಪ್ಪಾ, ತಿರುಗಿ ಬರ್ತಾಳ' ಅಂದ್ಲು. ಆವತ್ತಿನಿಂದ ತಮ್ಮಣ್ಣ ಸಾವಕಾರ್ರು ಕಡೀತನಕ ಹಂಗ ಅಳದ್ರು. ಗಿರಾಕಿಗಳು ನಗತಿದ್ರು. ನಗಲಿ ಬಿಡು ಅಂತಿದ್ರು."

ಗಂಡನ ಹೆಸರನ್ನು ಅವಳು ಅಷ್ಟು ಸಲೀಸಾಗಿ ಹೇಳಿದ್ದು ಮಂಗಲಳಿಗೆ ವಿಚಿತ್ರವೆನಿಸಿತು. ಬೇರೆ ಹೊತ್ತಾಗಿದ್ದರೆ ಬಾಳವ್ವನಿಗೇ ಅನಿಸುತ್ತಿತ್ತು.

"ಇದು ಮತ್ತ್ಯಾರಿಗೆ ಗೊತ್ತು ಅವ್ವಾರ?"

"ನಮ್ಮ ಮನಿ ಮಂದಿಗೆ. ನಿಲೇಶಗೂ ಗೊತ್ತು, ಆದ್ರ ಅಂವಗ ಚೇಷ್ಟಿ. ಸಣ್ಣಂದಿರತಾ ಕೊಲ್ಲಾಪುರದಾಗ ಇದ್ದು ಮರಾಠಿ ಸಾಲಿ ಕಲ್ತಾಂವ. ಒಂದಿನ ಸೇರು ಹಿಡದಾಂವಲ್ಲ. ಎಣಸೂದೂ ಮರಾಠಿಯೊಳಗ. ಅನ್ನಬಾರದ ಆ ಮಾತು ಮನ್ಯಾಗ ಮೊದಲ ಬಾಯಿಲೆ ಅಂದಾಂವನೂ ಅಂವನ. ಅಂಗಡಿ ಮಾರಾಕ ತಂಗಿ ಸಹಿ ಬೇಕಿತ್ತು. ಹಾಕೂದಿಲ್ಲ ಅಂದ್ಲು. ಗಂಗಾಳದ ಮುಂದ ಕುಂತು ಉಣ್ಣಾಕತ್ತಾಕಿಗೆ ಏಳು ಅಂದ. ಎದ್ಲು. ಕೈ ಸುದ್ದಾ ತೊಳಕೊಳ್ಳಲಿಲ್ಲ. ನಾ ಬಾಗಲದಾಗ ನಿಂತು ಬಾ ಅಂತ ಒದರಿದೆ, ಯವ್ವಾ. ಹಲಗಿ ಬಡಿಯೂರು ಹೊಂಟಿದ್ರು ಓಣ್ಯಾಗ. ಆಕಿಗೆ ಕೇಳಿಸ್ತೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ."

ಮಂಗಲ ಕಾಗದವನ್ನು ನೋಡಿದಳು. ಏಳಿರಬೇಕಾದ ಜಾಗದಲ್ಲೆಲ್ಲ ಬಾ. ಹದಿನೇಳರಲ್ಲಿ ಬಾ, ಇಪ್ಪತ್ತೇಳರಲ್ಲಿ ಬಾ. ಯಾರೋ ಗುರುತಿಲ್ಲದ ಹುಡುಗರು, ಗೊತ್ತಿಲ್ಲದೆಯೇ, ತಮ್ಮ ಕಂಪ್ಯೂಟರುಗಳಿಂದ ಆ ಮಾತನ್ನು ಸಾಲುಸಾಲಾಗಿ ಬರೆಸಿದ್ದರು.

"ಕೇಳಸೈತ್ರಿ ಅವ್ವಾರ," ಎಂದಳು. "ಆಕಿಗೆ ಕೇಳಸೈತಿ. ಈಗ ನಿಮಗ ತಿರುಗಿ ಹೇಳಾಕತ್ತಾಳ."

ಬಾಳವ್ವ ಅಳಲಿಲ್ಲ. "ಅನ್ನು, ಇನ್ನೊಮ್ಮೆ ಅನ್ನು," ಎಂದಳು.

ಮಂಗಲಳನ್ನು 'ಬಾ' ಎಂದು ಕರೆಯುತ್ತಿದ್ದವಳು ಗಂಗುಬಾಯಿ ಒಬ್ಬಳೇ. ಅಜ್ಜಿ ಹೋದ ಮೇಲೆ ಜಗತ್ತೆಲ್ಲ ಅವಳಿಗೆ 'ಬರ್ರಿ' ಎನ್ನುತ್ತದೆ. ಮರ್ಯಾದೆ ಸಿಕ್ಕಿತು, ಕರೆಯುವವರು ಹೋದರು. ಅದನ್ನು ನೆನೆದು ಅವಳಿಗೆ ಆ ಗಡಹಿಂಗ್ಲಜದ ಹುಡುಗಿಯ ಮೇಲೆ ಹೊಟ್ಟೆಕಿಚ್ಚೇ ಆಯಿತು. ಹುಡುಕಿಸುವ ತಾಯಿಯಾದರೂ ಇದ್ದಾಳಲ್ಲ!

ಅಮೋಲ ಎದ್ದು ನಿಂತಿದ್ದ. ಫೋನಿನ ಕಡೆ ಬಗ್ಗಿ, "ಅವ್ವಾರ, ನಾ ಅಮೋಲ, ಆಕಿ… ಆಕಿ ಲೆಕ್ಕ ನಾ ಹುಡುಗರಿಗೆ ಕಲಸ್ತೀನಿ," ಎಂದ. "ಶಿರೋಳಿಯೊಳಗ ಅದಾಳ್ರಿ. ಫೌಂಡ್ರಿ ಆಫೀಸಿನ್ಯಾಗ ಕಂಪ್ಯೂಟರ್ ನೋಡ್ಕೋತಾಳ. ಬಾ ಅಂತ ಹೇಳಿದವರಿಗೆ ಇಷ್ಟು ಹೇಳು ಅಂತ ಬರದಿದ್ಲು."

"ಶಿರೋಳಿ?" ಬಾಳವ್ವನ ದನಿ ಒಡೆಯಿತು. "ನಮ್ಮ ಕೊಲ್ಲಾಪುರದ ಶಿರೋಳಿ? ನಾ ವರ್ಸಾ ವರ್ಸಾ ಅಂಬಾಬಾಯಿ ಗುಡಿಗೆ ಬರ್ತೀನಲ್ಲೋ ತಮ್ಮಾ… ಅಷ್ಟ ಸನೇದಾಗ ಇದ್ಲೇನು?"

ದೂರದಲ್ಲಿದ್ದಳೆಂದರೆ ತಡೆದುಕೊಳ್ಳಬಹುದಿತ್ತು. ಒಂದು ಬಸ್ಸಿನ ಹಾದಿಯಲ್ಲಿದ್ದಳು ಎಂಬುದನ್ನು ಆ ಜೀವ ಹೇಗೆ ನುಂಗಬೇಕು?

ಕಡೆಗೆ ಬಾಳವ್ವನೇ ಮೂಗು ಒರೆಸಿಕೊಂಡು, "ಶೇಂಗಾ ಹೋಳಿಗಿ ಅಂದ್ರ ಆಕಿಗೆ ಜೀವ. ಹುರಿಯಾಕ ಕುಂಡರ್ತೀನಿ," ಎಂದಳು.

"ಯಾರಿಗೂ ಹೇಳಬ್ಯಾಡ್ರಿ ಅವ್ವಾರ. ನಿಲೇಶರಿಗಂತೂ ಬ್ಯಾಡ. ನಾ ಮೊದಲು ಆಕೀನ ನೋಡಿ ಬರ್ತೀನಿ."

"ನಿನ್ನಾಣಿ, ಹೇಳೂದಿಲ್ಲ."

ಫೋನು ಇಟ್ಟ ಮೇಲೆ ಅಮೋಲ ಕಣ್ಣು ಉಜ್ಜಿಕೊಂಡು ನಕ್ಕ. ಎರಡು ವರ್ಷದಿಂದ ತಿಂಗಳಿಗೊಂದು ಲೆಕ್ಕ ಅವಳಿಂದ ಇಮೇಲಿನಲ್ಲಿ ಬರುತ್ತಿತ್ತಂತೆ. ಕಳಿಸುವವರ ಹೆಸರು 'ಲಾಭ'. ಅವನು ಒಮ್ಮೆಯೂ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ತಿಂಗಳು ಮುಗಿಯುವ ಹೊತ್ತಿಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಇದನ್ನೇನೂ ಅವನು ಹೇಳಲಿಲ್ಲ. ಅವಳ ಲೆಕ್ಕಗಳನ್ನೆಲ್ಲ ಗೋಡೆಗೆ ಅಂಟಿಸಿಕೊಂಡಿದ್ದ ಚಂದ ನೋಡಿಯೇ ಮಂಗಲ ತಿಳಿದುಕೊಂಡಳು.

"ಸೋಮವಾರ ಕೋರ್ಟಿಗೆ ಬಂದು ಇದನ್ನ ಹೇಳ್ತೀರೇನು?"

"ನಡೀರಿ, ಈಗ ಬರ್ತೀನಿ," ಎಂದ ಅಮೋಲ. ಉತ್ಸಾಹದಿಂದ ಕಂಪ್ಯೂಟರ್ ತನ್ನ ಕಡೆ ತಿರುಗಿಸಿಕೊಂಡ. "ಹಳೇದ್ಯಾಕ? ನಿನ್ನೆನ ಹೊಸಾ ಲೆಕ್ಕ ಕಳಿಸ್ಯಾಳ ನೋಡ್ರಿ. ಅದ ಅಳತಿ, ಅರವತ್ತರಿಂದ ನೂರರ ತನಕ."

ಮಂಗಲ ಬಗ್ಗಿ ನೋಡಿದಳು.

66 B 68 B B 71 72

"ಇದೇನಿದು? ಅರವತ್ತೊಂಬತ್ತಕ್ಕ ಬಿ ಯಾಕೈತಿ?"

"ಅಚ್ಚಿನ ತಪ್ಪಿರಬೇಕ್ರಿ. ಹುಡುಗ್ರು ಮುಂಜಾನಿಂದ ಕುಸ್ತಿ ಹಿಡದಾರ."

ಮಂಗಲ ಮೆಲ್ಲಗೆ ಎಣಿಸಿದಳು. ಅರವತ್ತೇಳು, ಸರಿ. ಅರವತ್ತೆಂಟು. ಅರವತ್ತೊಂಬತ್ತು… ಅದರಲ್ಲಿ ಏಳು ಎಲ್ಲಿದೆ? ಅಂಕಿಯಲ್ಲಿಯೂ ಇಲ್ಲ, ಬಾಯಲ್ಲಿಯೂ ಇಲ್ಲ. ಎಪ್ಪತ್ತನ್ನು ಎಂದೂ ಮುಟ್ಟದಿದ್ದ ಹುಡುಗಿ ಅದನ್ನೂ ಅಳಿಸಿದ್ದಾಳೆ. ಒಬ್ಬ ಮನುಷ್ಯ ಸಿಟ್ಟಿನಲ್ಲಿ ಮಾತು ತಪ್ಪಬಹುದು, ಅಕ್ಷರ ತಪ್ಪಬಹುದು. ಅಪ್ಪನ ತೊಡೆಯ ಮೇಲೆ ಕಲಿತ ಎಣಿಕೆ ತಪ್ಪುವುದುಂಟೆ?

ಕೆಳಗೆ ಊಟ ಮುಗಿಸಿ ಬಂದವರು ಮರಾಠಿಯಲ್ಲಿ ಏನೋ ಕೂಗಾಡುತ್ತ ಮಗ್ಗ ಶುರು ಮಾಡಿದರು. ಆ ಮಾತು ಕಿವಿಗೆ ಬಿದ್ದದ್ದೇ ಮಂಗಲಳ ತುಟಿ ತಾನಾಗಿ ಮರಾಠಿಗೆ ಹೊರಳಿತು.

"ಸದುಸಷ್ಟ… ಅಡುಸಷ್ಟ… ಎಕೋಣಸತ್ತರ… ಸತ್ತರ…"

ಅಲ್ಲಿಗೆ ನಿಂತಳು. ಏಳಕ್ಕೆ ಸಾತ, ಎಪ್ಪತ್ತಕ್ಕೆ ಸತ್ತರ, ಅರವತ್ತೊಂಬತ್ತಕ್ಕೆ ಎಕೋಣಸತ್ತರ. ಮರಾಠಿ ಬಾಯಿಯಲ್ಲಿ ಅರವತ್ತೊಂಬತ್ತರೊಳಗೂ ಆ ಸಪ್ಪಳ ಕೇಳುತ್ತದೆ. ಎಪ್ಪತ್ತರೊಳಗೂ ಕೇಳುತ್ತದೆ. ಎಪ್ಪತ್ತೊಂದಕ್ಕೆ ಬಂದರೆ ಎಕಾಹತ್ತರ, ಸಪ್ಪಳ ಮಾಯ.

"ಇದು ರುತುಜಾ ಬರದದ್ದಲ್ರಿ," ಎಂದಳು. "ಆಕಿ ಹೆಸರಿನ್ಯಾಗ ಬ್ಯಾರೆ ಯಾರೋ ಬರದಾರ. ಬಾ ಅನ್ನೂದು ಗೊತ್ತಿದ್ದವರು. ಮರಾಠಿಯೊಳಗ ಎಣಸೂವರು."

ಅಮೋಲನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಾಳವ್ವನ ಮಾತು ಅವನೂ ಕೇಳಿದ್ದ.

ಅಂದರೆ ತಂಗಿ ಬದುಕಿದ್ದಾಳೆಂದು ನಿಲೇಶನಿಗೆ ಗೊತ್ತು. ಗೊತ್ತಿದ್ದೇ ಸತ್ತಿದ್ದಾಳೆಂದು ಬರೆಸಲು ಹೊರಟಿದ್ದಾನೆ. ಅವಳ ಇಮೇಲ್ ಅವನ ಕೈಯಲ್ಲಿದೆ. ಹಾಗಾದರೆ ಅವಳು ಯಾರ ಕೈಯಲ್ಲಿದ್ದಾಳೆ?

"ಲೆಕ್ಕದ ಕೂಡ ಮತ್ತೇನು ಬರದಿದ್ದ?"

ಅಮೋಲ ತೋರಿಸಲಿಲ್ಲ. ಬಾಯಲ್ಲೇ ಹೇಳಿದ. "ನನ್ನನ್ನ ಕೇಳಕೋತ ಯಾರರ ಬಂದ್ರ ಲಗೂನ ತಿಳಸು ಅಂತ."

"ತಿಳಿಸಿದ್ರೇನು?"

"ಮುಂಜಾನೆ ನಿಮ್ಮ ಫೋನ್ ಬಂತಲ್ರಿ… ಆಕಿಗೆ ಖುಷಿ ಆಗತೈತಿ ಅನ್ಕೊಂಡೆ. ಗಡಹಿಂಗ್ಲಜದ ಬಾಳವ್ವಾರ ಕಡಿಂದ ಮಂಗಲಾ ಅನ್ನೂರು ಬರಾಕತ್ತಾರ ಅಂತ ಬರದೆ."

ಬೆಳಗ್ಗೆ ಫೋನಿನಲ್ಲಿ ಬಾಳವ್ವನ ಹೆಸರು ಹೇಳಿದವಳು ತಾನೇ. ಅದಕ್ಕೆ ಯಾರನ್ನು ಬೈಯುವುದು? ಮಂಗಲ ಫೋನು ಎತ್ತಿಕೊಂಡಳು. ಮಗ್ಗಗಳೆಲ್ಲ ಮತ್ತೆ ಜೋರಾಗಿದ್ದವು. ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿ ಹಿಡಿದು ಮೆಟ್ಟಿಲ ಕಡೆ ಓಡಿದಳು. ಬಾಳವ್ವ ತಡಮಾಡಿ ಎತ್ತಿದಳು. ಹಿಂದೆ ಗಾಳಿ ಮೊರೆಯುತ್ತಿತ್ತು. ಕಾರಿನ ಹಾರ್ನ್ ಕೇಳಿಸಿತು.

"ಅವ್ವಾರ! ಎಲ್ಲದೀರಿ?"

"ಗಾಡ್ಯಾಗ ಅದೀನಿ ಯವ್ವಾ." ಅವಳ ದನಿಯಲ್ಲಿ ಹುಡುಗಿಯ ಹುರುಪಿತ್ತು. "ನಾ ಏನೂ ಹೇಳಿಲ್ಲ, ನಿನ್ನಾಣಿ. ನಿಲೇಶಗ ಮೊದಲ ಗೊತ್ತಾಗೈತಿ. ರುತುಜಾನ ತೋರಸ್ತೀನಿ ಅಂತ ಕರಕೊಂಡು ಹೊಂಟಾನ."

"ಅವ್ವಾರ, ಗಾಡಿ ನಿಲ್ಲಸಾಕ ಹೇಳ್ರಿ. ಇಳೀರಿ. ನನ್ನ ಮಾತು ಕೇಳ್ರಿ…"

"ಏನಂದಿ? ಕೇಳಸವಲ್ದು. ನಾ ಶೇಂಗಾ ಹುರಿಯಾಕ ಕುಂತಿದ್ದೆ. ಬಾಗಲದಾಗ ಬಂದು ನಿಂತು 'ಏಳವ್ವಾ' ಅಂದ." ಬಾಳವ್ವ ದನಿ ತಗ್ಗಿಸಿದಳು. "ನಮ್ಮ ಮನ್ಯಾಗ ಯಾರೂ ಯಾರಿಗೂ ಹಂಗ ಅನ್ನೂದಿಲ್ಲ ನೋಡು. ಆದ್ರೂ, ಮಗಳ ಕಡೆ ಹೋಗೂದಲ್ಲಾ ಅಂತ… ಎದ್ದೆ."